ಕೆಂಪು ಕಾರಿಗೆ ಬೇರೆ ಕಾರಿನ ಚಕ್ರ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಕೊಟ್ಟೂರೇಶ್ ಒಂದು ಸೋಮವಾರ ಬೆಳಗ್ಗೆ, ಹಣೆಯ ವಿಭೂತಿ ಒಣಗುವ ಮುಂಚೆಯೇ, ಪ್ರತಿಜ್ಞೆ ಮಾಡಿದರು.

“ಈ ಕಾರು ಮಾರೋದಿಲ್ಲ! ಹರಿಹರಕ್ಕೆ ಹೋಗಿ ನಿಮ್ಮವ್ವನ ಬಾಯಿಂದಾನೇ ‘ಮಾರಬ್ಯಾಡ’ ಅನ್ನಿಸ್ತೀನಿ!”

ಹೆಂಡತಿ ರಶ್ಮಿತಾ ಮೆಂತ್ಯ ಸೊಪ್ಪು ಬಿಡಿಸುತ್ತಲೇ ಸವಾಲು ಸ್ವೀಕರಿಸಿದರು. “ಅವ್ವ ಹಂಗಂದ್ರೆ ನಾನು ಸೊಲ್ಲೆತ್ತಲ್ಲ. ಅನ್ಲಿಲ್ಲ ಅಂದ್ರೆ ಇದನ್ನ ಮಾರಿ ನಾಲ್ಕು ಬಾಗಿಲಿಂದು ತರಬೇಕು. ಆತಾ?”

“ಆತು!”

ಅದು ಎರಡೇ ಸೀಟಿನ, ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಅದರಿಂದ ಇಳಿಯುವುದೆಂದರೆ ಬಾವಿಯಿಂದ ಮೇಲೆ ಹತ್ತಿದಂತೆ. ಹೋದ ಸಲ ಅದರ ತುಕ್ಕು ಹಿಡಿದ ಚಕ್ರಗಳನ್ನು ನೋಡಿ ಅತ್ತೆ ನಿರ್ಮಲಮ್ಮ, “ಅಳಿಯಂದ್ರೇ, ಗುಜರಿಯವ್ನು ಈಗಷ್ಟೇ ಹೋದ. ಕೂಗ್ಲೇನು?” ಎಂದು ಕೇಳಿದ್ದರು.

ಹಾಗಾಗಿ ಚಕ್ರಗಳು ಬದಲಾಗಲೇಬೇಕಿತ್ತು. ಆ ಮಾದರಿಯ ಚಕ್ರ ಈಗ ಎಲ್ಲೂ ಸಿಗುವುದಿಲ್ಲ. ಆನೆಕೊಂಡದ ಮೆಕ್ಯಾನಿಕ್ ಬೊಮ್ಮಣ್ಣ ಇನ್ಯಾವುದೋ ದೊಡ್ಡ ಕಾರಿನ ಅಲಾಯ್ ಚಕ್ರಗಳನ್ನು ಮನೆ ಬಾಗಿಲಿಗೇ ತಂದ. ಪೂಜೆಯ ಬೆಳ್ಳಿ ತಟ್ಟೆಗಳಂತೆ ಹೊಳೆಯುತ್ತಿದ್ದವು.

“ಇದಕ್ಕೆ ಕೂಡ್ತಾವೇನೋ ಬೊಮ್ಮಣ್ಣ?”

“ಬೋಲ್ಟಿನ ತೂತು ನಾಕಕ್ಕೆ ನಾಕೂ ಕೂಡಿದ್ವು ಸಾವ್ಕಾರ್ರೇ! ಜಾತಕ ಕೂಡಿದ ಮ್ಯಾಲೆ ಎತ್ತರ, ದಪ್ಪ ಯಾರು ಕೇಳ್ತಾರ್ರಿ?”

ಒಂದು ಸುತ್ತು ಓಡಿಸಿ ನೋಡುವುದು ಲೋಕರೂಢಿ. ಆದರೆ ಪೂಜೆಯಾಗದ ಚಕ್ರವನ್ನು ಸುಮ್ಮನೆ ಉರುಳಿಸುವುದು ಕೊಟ್ಟೂರೇಶರ ಮನೆತನದಲ್ಲಿಲ್ಲ. ಮೊದಲ ಉರುಳು ಹರಿಹರದಲ್ಲಿ ಅತ್ತೆಯ ಓಣಿಯ ಬಸವಣ್ಣನ ಗುಡಿಗೇ ಎಂದು ತೀರ್ಮಾನವಾಯಿತು.

ಹೊರಟ ಮೊದಲ ತಿರುವಿನಲ್ಲೇ ಸತ್ಯ ಕಿರುಚಿತು! ಎಡಗಡೆಯ ಮಡ್‌ಗಾರ್ಡ್ ಹಿಂದೊಮ್ಮೆ ಆಟೋ ಗುದ್ದಿ ಒಳಗೆ ಬಾಗಿತ್ತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದೊಡನೆ ಅಗಲವಾದ ಹೊಸ ಟೈರು ಅದಕ್ಕೆ ತಿಕ್ಕಿ ಕರ್ರೋ ಎಂದಿತು. ಎಡಕ್ಕೆ ತಿರುಗಿಸಿದರೆ ಮಾತ್ರ ಬೆಣ್ಣೆ!

ಕೊಟ್ಟೂರೇಶ್ ಎದೆಗುಂದಲಿಲ್ಲ. ಬಲಕ್ಕೆ ಹೋಗಬೇಕಾದ ಕಡೆಯೆಲ್ಲ ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿ ದಾರಿ ಹಿಡಿದರು.

“ರೀ, ಈ ಮೆಡಿಕಲ್ ಶಾಪ್ ಆಗ್ಲೇ ನೋಡಿದ್ವಲ್ಲ?”

“ಹೊಸ ಚಕ್ರ ಜನ ನೋಡ್ಲಿ ಅಂತ.”

“ನೋಡಿದ ಜನಾನೇ ಮತ್ತೆ ನೋಡಾಕತ್ತಾರೆ!”

ಹೆದ್ದಾರಿ ನೆಟ್ಟಗಿದ್ದ ಪುಣ್ಯಕ್ಕೆ ಹರಿಹರ ಬಂತು.

ಗುಡಿಯ ಅಂಗಳದಲ್ಲಿ ನಿರ್ಮಲಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಚಕ್ರ ನೋಡಿ ಅವರ ಹುಬ್ಬು ಮೇಲೇರಿತು. ಸಂಶಯವೇ ಇಲ್ಲ, ಮೆಚ್ಚುಗೆ! ಪೂಜಾರಿ ಬಸವಪ್ರಭು ಅಯ್ಯನವರು ಕಾರಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಅಪ್ಪಣೆ ಕೊಟ್ಟರು.

“ಗುಡಿಗೆ ಮೂರು ಪ್ರದಕ್ಷಿಣೆ ಹಾಕ್ರಿ.”

ಕೊಟ್ಟೂರೇಶ್ ಎಡಗಡೆಯ ಮಡ್‌ಗಾರ್ಡಿನತ್ತ ನೋಡಿದರು. ಪ್ರದಕ್ಷಿಣೆ ಎಂದರೆ ಬಲಕ್ಕೇ ತಿರುಗುತ್ತಾ ಹೋಗಬೇಕು! ಗತಿಯಿಲ್ಲದೆ ಎಡಕ್ಕೆ ತಿರುಗಿಸಿ ಹೊರಟರು.

“ಅಯ್ಯಯ್ಯೋ! ಉಲ್ಟಾ ಸುತ್ತಬ್ಯಾಡ್ರಿ ಅಳಿಯಂದ್ರೇ!” ನಿರ್ಮಲಮ್ಮ ಆರತಿ ತಟ್ಟೆ ಹಿಡಿದೇ ಕಾರಿಗೆ ಅಡ್ಡ ಬಂದರು.

ಪಕ್ಕದ ಸೀಟಿನಿಂದ ರಶ್ಮಿತಾ ಮೆಲ್ಲಗೆ ಉಸುರಿದರು. “ನಾಲ್ಕು ಬಾಗಿಲು. ಬಿಳಿ ಬಣ್ಣ ಇರ್ಲಿ.”

ಆ ಮಾತಿನ ಬಿಸಿಗೆ ಉಪಾಯ ಹುಟ್ಟಿತು! ಎಡಕ್ಕೆ ತಿರುಗಿದ ಕಾರು ಅದೇ ದಾರಿಯಲ್ಲಿ ಹಿಂದಕ್ಕೆ ಹೋದರೆ ಅದು ಪ್ರದಕ್ಷಿಣೆಯೇ ಅಲ್ಲವೇ? ಕೊಟ್ಟೂರೇಶ್ ಸ್ಟೇರಿಂಗನ್ನು ಎಡಕ್ಕೇ ಹಿಡಿದು, ಕುತ್ತಿಗೆ ಹಿಂದಕ್ಕೆ ಹೊರಳಿಸಿ, ರಿವರ್ಸ್ ಗೇರ್ ಹಾಕಿದರು. ಕೆಂಪು ಕಾರು ಹಿಂಭಾಗವನ್ನೇ ಮುಂದೆ ಮಾಡಿಕೊಂಡು, ರಾಜಗಾಂಭೀರ್ಯದಿಂದ ಗುಡಿಯನ್ನು ಸುತ್ತತೊಡಗಿತು.

ಹೊಸ ಸ್ಕೂಟರಿನ ಪೂಜೆಗೆ ಬಂದಿದ್ದ ಕೆಂಚಕ್ಕ ಬೆರಗಾಗಿ ಕೇಳಿದಳು. “ಇದ್ಯಾವ ಪದ್ಧತಿ ಅಯ್ಯನೋರೇ?”

ಅಯ್ಯನವರು ಕಾರು ಹೋಗುವ ದಿಕ್ಕಿಗೆ ಗಾಳಿಯಲ್ಲಿ ಬೆರಳು ಸುತ್ತಿಸಿ ನೋಡಿದರು. ರಿವರ್ಸ್ ಗೇರಿನ ಬಗ್ಗೆ ಅವರಿಗೆ ಯಾವ ಗುರುಗಳೂ ಏನೂ ಹೇಳಿಕೊಟ್ಟಿರಲಿಲ್ಲ. “ದಿಕ್ಕು ಸರಿ ಐತೆ” ಎಂದರು.

ಅಷ್ಟು ಸಾಕಾಯಿತು! ಕೆಂಚಕ್ಕ ಕಾಲಿನಿಂದ ನೆಲ ಒದೆಯುತ್ತ ಸ್ಕೂಟರನ್ನು ಹಿಂದಕ್ಕೆ ಹಿಂದಕ್ಕೆ ನಡೆಸಿದಳು. ಅವಳ ಬೆನ್ನಿಗೆ, ಪೂಜೆಗೆ ಸರದಿಯಲ್ಲಿದ್ದ ರೈತ ಸಿದ್ದುವಿನ ಹೊಸ ಟ್ರ್ಯಾಕ್ಟರೂ ಹಿಂದಕ್ಕೆ ಹೊರಟಿತು. “ಮೊದ್ಲು ಸುತ್ತಿದ್ದು ಯಾರ ಅಳಿಯ?” ಎಂದು ಯಾರೋ ಕೇಳಿದರು. “ನಮ್ಮವ್ರು!” ಎಂದರು ನಿರ್ಮಲಮ್ಮ, ಸೆರಗು ಸರಿಪಡಿಸಿಕೊಂಡು.

ಮೂರನೆಯ ಸುತ್ತು ಮುಗಿಯುವಾಗ ಅವರ ಕಣ್ಣು ಒದ್ದೆಯಾಗಿತ್ತು. “ದೇವ್ರಿಗೆ ಬೆನ್ನು ತೋರಿಸಬಾರ್ದು ಅಂತ ಗುಡಿಯಿಂದ ಹಿಂದಕ್ಕೆ ನಡೆದು ಬರೋ ಭಕ್ತರನ್ನ ಕಂಡೀನಿ. ಹಂಗ ನಡೆಯೋ ಕಾರ್ನ ಇವತ್ತೇ ಕಂಡೆ. ಇದನ್ನ ಮಾರಬ್ಯಾಡ್ರಿ ಅಳಿಯಂದ್ರೇ!”

ಕೊಟ್ಟೂರೇಶ್ ಕಾರಿನಿಂದಿಳಿದು ಎದೆ ಸೆಟೆಸಿ ನಿಂತರು. “ಕೇಳಿದ್ಯಾ?”

“ಕೇಳ್ದೆ” ಎಂದರು ರಶ್ಮಿತಾ, ತಾವೂ ಇಳಿಯುತ್ತ.

“ನಾನೂ ಇದ್ರಾಗೇ ದಾವಣಗೆರೆಗೆ ಬರ್ತೀನಿ. ಎರಡು ದಿನ ಇದ್ದು ಬಂದ್ರಾತು” ಎಂದು ನಿರ್ಮಲಮ್ಮ ಖಾಲಿಯಾದ ಸೀಟಿಗೆ ಇಳಿದು ಕೂತೇಬಿಟ್ಟರು. ಉಳಿದದ್ದು ಒಂದೇ ಸೀಟು. ರಶ್ಮಿತಾ ಕೀಲಿಗೆ ಕೈ ಚಾಚಿದರು. ಅವರಿಗೆ ಡ್ರೈವಿಂಗ್ ಕಲಿಸಿದ್ದು ಸ್ವತಃ ಕೊಟ್ಟೂರೇಶರೇ!

“ಬಲಕ್ಕೆ ಜಾಸ್ತಿ ತಿರುಗಿಸಬ್ಯಾಡ ಮತ್ತೆ…”

“ಬರೋವಾಗ್ಲೇ ಗೊತ್ತಾತು ಬಿಡ್ರಿ.”

ಕಾರು ಹೊರಟು, ಎರಡು ಮಾರು ಹೋಗಿ ನಿಂತಿತು. ಗಾಜು ಇಳಿಯಿತು.

“ರೀ, ಬಸ್ಸಿನಾಗೆ ಮುಂದಿನ ಸೀಟಿಗೆ ಕೂಡಬ್ಯಾಡ್ರಿ. ಅವೂ ಹೆಂಗಸರಿಗೇ.”