ಮದುವೆ ಟಿಕೆಟ್ಟಿನ ಕೆಂಪು ಸಾಲಿನ ಕುರಿತು

ವಿವಾಹ ಸಿದ್ಧತಾ ಇಲಾಖೆ
ಕೇಂದ್ರ ಕಚೇರಿ: ಊಟದ ಮೇಜು (ಊಟದ ವೇಳೆಯಲ್ಲಿ ಮಾತ್ರ: ಇಸ್ತ್ರಿ ಮೇಜು)

ಸುತ್ತೋಲೆ ಸಂಖ್ಯೆ: ವಿಸಿಇ/ರೈಲು/ಕಾಗದ/ಅಲಂಕಾರ/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಗೋಡೆಯ ಕ್ಯಾಲೆಂಡರನ್ನು ಅಲಂಕಾರದವರು ಕೊಂಡೊಯ್ದಿರುವುದರಿಂದ ನಂತರ ತುಂಬಲಾಗುವುದು

ವಿಷಯ: ಮನೆಯ ಮಗಳ 'ರೈಲು ನಿಲ್ದಾಣ' ಮಾದರಿಯ ಮದುವೆಗೆ ಸಿದ್ಧಪಡಿಸಿದ ಆಮಂತ್ರಣ ಟಿಕೆಟ್, ಕಾಗದದ ಕರವಸ್ತ್ರ, ಫಲಕ ಹಾಗೂ ಪೆಟ್ಟಿಗೆಗಳ ಬಳಕೆ, ಮತ್ತು ಕೆಂಪು ಸಾಲೊಂದನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ:
೧. ವಧುವಿನ ಮೂಲ ವಿನ್ಯಾಸ, ಚಹಾದ ಕಲೆ ಸಹಿತ.
೨. ಅಜ್ಜಿಯವರ ಮೌಖಿಕ ಆಕ್ಷೇಪಣೆ: "ಮದುವೆಗೆ ಕರೀತಿದ್ದೀಯೋ, ಊರು ಬಿಟ್ಟು ಓಡಿಸ್ತಿದ್ದೀಯೋ?"
೩. ವಧುವಿನ ಪ್ರಶ್ನೆ, ನಿನ್ನೆ ಸಂಜೆಯದು (ಕಂಡಿಕೆ ೮ ನೋಡುವುದು).
೪. ತದನಂತರ ಬಾಗಿಲು ಹಾಕಿಕೊಂಡ ಸದ್ದು.

ವಧೂವರರು ಒಬ್ಬರನ್ನೊಬ್ಬರು ಮೊದಲು ಕಂಡದ್ದು ತಡವಾದ ರೈಲಿಗೆ ಕಾಯುತ್ತಿದ್ದಾಗ. ಆ ಕಾರಣ ಮದುವೆಯ ಸಭಾಂಗಣವನ್ನು ರೈಲು ನಿಲ್ದಾಣದಂತೆ ಸಿಂಗರಿಸಬೇಕೆಂದು ವಧು ಕೋರಿದ್ದಳು. ಈ ಇಲಾಖೆಯ ಮುಖ್ಯಸ್ಥರು, ಅಂದರೆ ವಧುವಿನ ತಂದೆ, ಸೇವಾವಧಿಯನ್ನೆಲ್ಲ ಟಿಕೆಟ್ ಪರೀಕ್ಷಕರಾಗಿ ಕಳೆದವರಾದ್ದರಿಂದ ಕೋರಿಕೆಯನ್ನು ನಿಂತ ನಿಲುವಿನಲ್ಲೇ ಮಂಜೂರು ಮಾಡಲಾಯಿತು. ಉತ್ಸಾಹ ಅತಿಯಾಯಿತೆಂದು ವಧುವಿನ ತಾಯಿಯವರು ಅಭಿಪ್ರಾಯಪಟ್ಟಿದ್ದು, ಸದರಿ ಅಭಿಪ್ರಾಯವನ್ನು ಹಲವು ಬಾರಿ ಕೇಳಿಸಿಕೊಳ್ಳಲಾಗಿದೆ. ಆದುದರಿಂದ ಮನೆಯವರೂ ಬಂದಿಳಿದಿರುವ ನೆಂಟರೂ ಈ ಕೆಳಗಿನಂತೆ ನಡೆದುಕೊಳ್ಳಬೇಕೆಂದು ಆದೇಶಿಸಲಾಗಿದೆ.

೧. ಆಮಂತ್ರಣವು ದಪ್ಪ ಕಂದು ರಟ್ಟಿನ ಟಿಕೆಟ್ ರೂಪದಲ್ಲಿದ್ದು, ಬಾಗಿಲಲ್ಲಿ ಮುಖ್ಯಸ್ಥರು ತಮ್ಮ ಹಳೆಯ ಇಕ್ಕಳದಿಂದ ಅದಕ್ಕೆ ತೂತು ಹಾಕತಕ್ಕದ್ದು. ಟಿಕೆಟ್ ಮರೆತು ಬಂದವರನ್ನು ಹೊರಗೆ ಕಳಿಸುವಂತಿಲ್ಲ, ದುರುಗುಟ್ಟಿ ನೋಡಬಹುದು. ಬೀಗರನ್ನು ಹಾಗೆ ನೋಡುವಂತಿಲ್ಲ. ಜನ ಊಟಕ್ಕೆ ಕುಳಿತಿರುವಾಗ "ಟಿಕೆಟ್, ಟಿಕೆಟ್" ಎನ್ನುತ್ತ ಮೇಜುಗಳ ನಡುವೆ ಓಡಾಡುವುದನ್ನು ಸ್ವತಃ ಮುಖ್ಯಸ್ಥರಿಗೇ ನಿಷೇಧಿಸಲಾಗಿದೆ (ತಾಯಿಯವರ ಆದೇಶದ ಮೇರೆಗೆ).

೨. ವಧೂವರರ ಹೆಸರಿನ ಮೊದಲಕ್ಷರಗಳನ್ನು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದ ಕಾಗದದ ಕರವಸ್ತ್ರಗಳನ್ನು ನೋಡಿ ವಧುವಿನ ದೊಡ್ಡತ್ತೆಯವರು "ಇಷ್ಟು ಚೆಂದದ್ರಲ್ಲಿ ಬಾಯಿ ಒರೆಸೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?" ಎಂದು ಹೇಳಿ ಒಂದು ಕಟ್ಟನ್ನು ತಮ್ಮ ಚೀಲಕ್ಕೆ ಸೇರಿಸಿಕೊಂಡಿರುವುದು ಗಮನಕ್ಕೆ ಬಂದಿದೆ. ಪ್ರತಿಯೊಬ್ಬ ಅತಿಥಿಯೂ ಕನಿಷ್ಠ ಒಂದನ್ನಾದರೂ ಒರೆಸಲು ಬಳಸತಕ್ಕದ್ದು. ಅಕ್ಷರವಿಲ್ಲದ ಬದಿಯಿಂದ ಒರೆಸತಕ್ಕದ್ದು. ಅಳುವವರಿಗೆ ಎರಡೂ ಬದಿಯ ಅನುಮತಿ ಇದೆ.

೩. ಊಟದ ಮೇಜುಗಳನ್ನು ಬೋಗಿಗಳೆಂದು ಕರೆಯತಕ್ಕದ್ದು. "ಹಿಮ್ಮುಖವಾಗಿ ಕೂತ್ರೆ ನಂಗೆ ತಲೆ ಸುತ್ತುತ್ತಪ್ಪ" ಎಂದು ಚಿಕ್ಕಮ್ಮನವರು ಮುಂಚಿತವಾಗಿಯೇ ದೂರಿದ್ದಾರೆ. ಸಭಾಂಗಣವು ಚಲಿಸುವುದಿಲ್ಲವೆಂದು ಅವರಿಗೆ ತಾಳ್ಮೆಯಿಂದ ವಿವರಿಸಲಾಗಿದ್ದು, ಪ್ರಯೋಜನವಾಗಿಲ್ಲ. ಆದ್ದರಿಂದ ಅಡುಗೆಮನೆಯನ್ನು ಎಂಜಿನ್ ಎಂದು ಘೋಷಿಸಲಾಗಿದೆ. ಚಿಕ್ಕಮ್ಮನವರು ಅತ್ತ ಮುಖ ಮಾಡಿ ಕೂರತಕ್ಕದ್ದು. ಅಡುಗೆಮನೆಯ ಆಚೆ ನಿಂತವರನ್ನು ರೈಲು ತಪ್ಪಿಸಿಕೊಂಡವರೆಂದು ಪರಿಗಣಿಸಲಾಗುವುದು.

೪. ವೇದಿಕೆಯ ಮೇಲಿನ ದೊಡ್ಡ ಗಡಿಯಾರದ ಮುಳ್ಳುಗಳು ಬಣ್ಣದಲ್ಲಿ ಬರೆದವು. ಅದನ್ನು ನೋಡಿ ಹಸಿವಾಗುವುದನ್ನು ನಿಷೇಧಿಸಲಾಗಿದೆ.

೫. ಅಲಂಕಾರಕ್ಕೆಂದು ಹಜಾರದಲ್ಲಿ ಪೇರಿಸಿದ್ದ ಹಳೆಯ ಪೆಟ್ಟಿಗೆಗಳ ಪಕ್ಕದಲ್ಲೇ ಸೋದರಮಾವನವರು ಬಂದಿಳಿದ ಕೂಡಲೇ ತಮ್ಮ ಪೆಟ್ಟಿಗೆಯನ್ನೂ ಇಟ್ಟಿದ್ದಾರೆ. ಅಲಂಕಾರದವರು ಅದಕ್ಕೂ ಬೆಳ್ಳಿಯ ಬಣ್ಣ ಬಳಿದು, ಮುಚ್ಚಳದ ಸುತ್ತ ಕಾಗದದ ಹೂವುಗಳನ್ನು ಅಂಟಿಸಿದ್ದಾರೆ. ಅದು ಒಟ್ಟು ಅಲಂಕಾರದಲ್ಲಿ ಅತ್ಯಂತ ಚೆನ್ನಾಗಿ ಮೂಡಿಬಂದಿರುವ ಕಾರಣ ಮದುವೆ ಮುಗಿಯುವವರೆಗೆ ತೆರೆಯುವಂತಿಲ್ಲ. ಅಲ್ಲಿಯವರೆಗೆ ಮಾವನವರಿಗೆ ಮುಖ್ಯಸ್ಥರ ಪೈಜಾಮವನ್ನು ಎರವಲು ನೀಡಲಾಗಿದೆ. ಉದ್ದ ಸಾಲದೆಂಬ ದೂರನ್ನು ಸ್ವೀಕರಿಸಲಾಗುವುದಿಲ್ಲ.

೬. ಹಸಿರು ಬಾವುಟ ತೋರಿಸಿದಾಗ ಛಾಯಾಗ್ರಾಹಕರು ಆರಂಭಿಸತಕ್ಕದ್ದು. ಕೆಂಪು ಬಾವುಟ ತೋರಿಸಿದಾಗ ಚಿಕ್ಕಪ್ಪನವರು ಭಾಷಣ ನಿಲ್ಲಿಸತಕ್ಕದ್ದು. ಕೆಂಪು ಬಾವುಟವು ಚಿಕ್ಕಮ್ಮನವರ ವಶದಲ್ಲಿರುತ್ತದೆ. ವರನು ತಡವಾಗಿ ಬಂದಲ್ಲಿ ಧ್ವನಿವರ್ಧಕದಲ್ಲಿ ವಿಷಾದ ವ್ಯಕ್ತಪಡಿಸಬಹುದೇ ಹೊರತು, ವರನು ಬೇರೆ ಪ್ಲಾಟ್‌ಫಾರಂಗೆ ಬರಲಿದ್ದಾನೆಂದು ತಮಾಷೆಗೂ ಸಾರುವಂತಿಲ್ಲ. ಪೂರ್ವಾಭ್ಯಾಸದ ದಿನ ವರನ ತಾಯಿಯವರು ಎದ್ದು ಆ ಕಡೆ ನಡೆದೇಬಿಟ್ಟಿದ್ದರು.

೭. ಇನ್ನು ಮುಖ್ಯ ವಿಷಯ. ಅಚ್ಚಿಗೆ ಕೊಡುವ ಮೊದಲು ಕರಡುಗಳನ್ನು ಒಮ್ಮೆ ನೋಡಿಕೊಡುವಂತೆ ವಧು ಮುಖ್ಯಸ್ಥರನ್ನು ಕೇಳಿಕೊಂಡಿದ್ದಳು. ಹೋಗುವುದಕ್ಕೆ ಮಾತ್ರ ಕೊಡುವ ಟಿಕೆಟ್ಟಿನ ಮೇಲೆ ಇರಬೇಕಾದ ಸಾಲು ಇಲ್ಲದಿರುವುದನ್ನು ಕಂಡು ಮುಖ್ಯಸ್ಥರ ಕೈ ಸುಮ್ಮನಿರಲಿಲ್ಲ. ಎಲ್ಲ ಕರಡುಗಳ ಮೇಲೂ 'ಮರುಪ್ರಯಾಣಕ್ಕೆ ಸಲ್ಲದು' ಎಂದು ಕೆಂಪು ಶಾಯಿಯಲ್ಲಿ ಬರೆದು, ಯಾರಿಗೂ ತೋರಿಸದೆ, ನೇರವಾಗಿ ಅಚ್ಚಿನವರಿಗೆ ಕಳಿಸಲಾಯಿತು. ಅಚ್ಚಿನವರು ವಿಧೇಯರು. ಆಮಂತ್ರಣಗಳ ಮಟ್ಟಿಗೆ ದೊಡ್ಡ ಅನಾಹುತವೇನೂ ಆಗಲಿಲ್ಲ, "ವಾಪಸ್ ಬಿಡಲ್ವಾ? ಹಾಸಿಗೇನೂ ತರ್ಬೇಕಾ ಭಾವ?" ಎಂದು ಸೋದರಮಾವನವರು ಫೋನ್ ಮಾಡಿ ಕೇಳಿದ್ದು ಬಿಟ್ಟರೆ. ಆದರೆ ಸಭಾಂಗಣದ ಬಾಗಿಲಿಗೆಂದು ಎರಡಾಳೆತ್ತರದ ಟಿಕೆಟ್ ಫಲಕವೊಂದನ್ನೂ ವಧು ವಿನ್ಯಾಸ ಮಾಡಿದ್ದಳು. ಅದರಲ್ಲಿ ತನ್ನ ಹೆಸರಿನ ಕೆಳಗೆ 'ಅಪ್ಪನ ಮನೆಯಿಂದ ನಮ್ಮ ಮನೆಗೆ' ಎಂದು ಬರೆಸಿದ್ದಳು. ನಿನ್ನೆ ಸಂಜೆ ಫಲಕ ಬಂತು. ಆ ಸಾಲಿನ ಕೆಳಗೆ ಕೆಂಪು ಸಾಲು ಇತ್ತು. ಅಚ್ಚಿನವರು ಅಕ್ಷರಗಳನ್ನು ಇದ್ದ ಹಾಗೆಯೇ ದೊಡ್ಡದು ಮಾಡಿದ್ದರಿಂದ, ಅದು ಯಾರ ಕೈಬರಹವೆಂದು ಮನೆಯಲ್ಲಿ ಯಾರೂ ಕೇಳಬೇಕಾಗಲಿಲ್ಲ.

೮. "ಹಾಗಾದ್ರೆ ಹೋದ್ಮೇಲೆ ಬರಬಾರ್ದಾ ಅಪ್ಪಾ?" ಎಂಬುದು ವಧುವಿನ ಪ್ರಶ್ನೆಯಾಗಿತ್ತು. ಟಿಕೆಟ್ಟಿನ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದ ಮುಖ್ಯಸ್ಥರು "ನಿಯಮ ಹಾಗಿದೆ ಮಗಳೇ" ಎಂದು ಉತ್ತರಿಸಿದರು. ಅವಳು ಕೇಳಿದ್ದು ಟಿಕೆಟ್ಟಿನ ಬಗ್ಗೆ ಅಲ್ಲವೆಂಬುದು ಬಾಗಿಲು ಹಾಕಿಕೊಂಡ ಮೇಲೆ ಅರಿವಿಗೆ ಬಂದಿದೆ. ಅಂದಿನಿಂದ, ಅಂದರೆ ನಿನ್ನೆಯಿಂದ, ವಧು ಹೊರಗೆ ಬಂದಿಲ್ಲ, ಊಟ ಮಾಡಿಲ್ಲ, ಮೇಜುಗಳ ಮೇಲಿಡುವ ಹೆಸರಿನ ಚೀಟಿಗಳನ್ನು ಬರೆಯುವುದನ್ನೂ ನಿಲ್ಲಿಸಿದ್ದಾಳೆ. ಮುಖ್ಯಸ್ಥರಿಗೆ ತುಂಬ ಸಂಕಟವಾಗಿದೆ. ಇದನ್ನು ಹೇಳಲು ಕಚೇರಿಯ ಭಾಷೆಯಲ್ಲಿ ಬೇರೆ ಪದ ಸಿಗದ ಕಾರಣ ಹಾಗೆಯೇ ನಮೂದಿಸಲಾಗಿದೆ.

೯. ಸದರಿ ಕೆಂಪು ಸಾಲನ್ನು ಈ ಮೂಲಕ ಸಂಪೂರ್ಣವಾಗಿ ಹಿಂಪಡೆಯಲಾಗಿದೆ. ಫಲಕದ ಮೇಲಿನದನ್ನು ಮುಖ್ಯಸ್ಥರೇ ಏಣಿ ಹತ್ತಿ ಬಣ್ಣ ಬಳಿದು ಅಳಿಸತಕ್ಕದ್ದು. ಏಣಿಯನ್ನು ತಾಯಿಯವರು ಹಿಡಿದುಕೊಳ್ಳತಕ್ಕದ್ದು. ಆ ಹೊತ್ತಿನಲ್ಲಿ ಅವರು ಏನು ಬೇಕಾದರೂ ಹೇಳಬಹುದು.

೧೦. ವಧುವಿಗೆ ಈ ಮನೆಗೆ ಬಂದು ಹೋಗಲು ಅವಧಿಯಿಲ್ಲದ ಪಾಸ್ ಮಂಜೂರಾಗಿದೆ. ಹೇಳಿ ಬರಬಹುದು, ಹೇಳದೆಯೂ ಬರಬಹುದು. ವರನ ಜೊತೆಗೂ ಬರಬಹುದು, ವರನ ಮೇಲೆ ಮುನಿಸಿಕೊಂಡೂ ಬರಬಹುದು. ಕಾರಣ ಕೇಳುವಂತಿಲ್ಲ. ಅವಳ ಕೋಣೆಯನ್ನು ತನಗೆ ಕೊಡಬೇಕೆಂದು ತಮ್ಮನು ಅವಸರವಾಗಿ ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ. ಅವನು ಅಲ್ಲಿಗೆ ಸಾಗಿಸಿರುವ ಗಿಟಾರನ್ನು ಈ ದಿನವೇ ತೆರವುಗೊಳಿಸತಕ್ಕದ್ದು. ಮುಖ್ಯಸ್ಥರು ತಮ್ಮ ಸೇವಾವಧಿಯಲ್ಲಿ ಟಿಕೆಟ್ ಇಲ್ಲದ ಒಬ್ಬರನ್ನೂ ಬಿಟ್ಟವರಲ್ಲ. ಇವಳನ್ನು ಟಿಕೆಟ್ ಕೇಳುವುದಿಲ್ಲ.

(ಸಹಿ)
ಮುಖ್ಯಸ್ಥರು, ವಿವಾಹ ಸಿದ್ಧತಾ ಇಲಾಖೆ
(ಅಪ್ಪ)

ಪ್ರತಿಗಳು:
ಅ) ವಧುವಿನ ತಾಯಿಯವರಿಗೆ, ಮಾಹಿತಿಗಾಗಿ. ಕಂಡಿಕೆ ೯ ಮತ್ತು ೧೦ನ್ನು ಬರೆಸಿದವರು ಅವರೇ ಆದರೂ.
ಆ) ಅಜ್ಜಿಯವರಿಗೆ, ಗಟ್ಟಿಯಾಗಿ ಓದಿ ಹೇಳಲು.
ಇ) ಅಚ್ಚಿನವರಿಗೆ. ಇನ್ನು ಮುಂದೆ ಕೆಂಪು ಶಾಯಿಯಲ್ಲಿ ಏನೇ ಬಂದರೂ ಮೊದಲು ವಧುವಿಗೆ ಫೋನ್ ಮಾಡುವುದು.
ಈ) ಸೋದರಮಾವನವರಿಗೆ, ಎರವಲು ಪೈಜಾಮದ ಜೇಬಿನಲ್ಲಿ.
ಉ) ವಧುವಿಗೆ, ಬಾಗಿಲ ಸಂದಿಯಿಂದ. ಲಿಖಿತ ಉತ್ತರ ಬೇಕಿಲ್ಲ. ಚಿಲಕ ತೆಗೆದರೆ ಸ್ವೀಕೃತಿ ಎಂದು ಭಾವಿಸಲಾಗುವುದು. ಮುಖ್ಯಸ್ಥರು ಊಟದ ತಟ್ಟೆ ಹಿಡಿದು ಹೊರಗೆ ನಿಂತಿದ್ದಾರೆ.