ಅವ್ವನ ನೂಡಲ್ಸಿಗೆ ಕೋಳಿಯ ಸೆರಗು

ನಮ್ಮ ಮನೆಯಲ್ಲಿ ಅಡುಗೆ ಒಲೆಯ ಮೇಲೆ ಕೆಡುವುದು ಕಡಿಮೆ. ಒಲೆಗೆ ಬರುವ ಮೊದಲೇ ಕೆಟ್ಟಿರುತ್ತದೆ. ಹೊಸ ಪದಾರ್ಥವೊಂದು ಹೊಸ್ತಿಲು ದಾಟಿತೋ, ಅದೇನು, ಎಲ್ಲಿಡಬೇಕು, ಯಾವ ವಾರ ತಿನ್ನಬೇಕು, ಯಾವ ಪಾತ್ರೆಗೆ ಮುಟ್ಟಿಸಬಾರದು ಎಂಬ ಗೊಂದಲ ಶುರುವಾಗಿ ಕೊನೆಗೆ ನಾವು ರೊಟ್ಟಿ ತಿಂದು ಮಲಗುತ್ತೇವೆ. ಇದು ವರ್ಷಕ್ಕೆ ನಾಲ್ಕೈದು ಸಲವಾದರೂ ನಡೆಯುತ್ತದೆ. ಆದರೆ ಕೋಳಿ ನೂಡಲ್ಸ್ ಮಾಡಿದ ಗೊಂದಲದ ಮುಂದೆ ಉಳಿದವೆಲ್ಲ ಸಪ್ಪೆ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ, ಮಗ್ಗದಲ್ಲಿ ಅವ್ವ. ನಾನು ಹುನಗುಂದದಲ್ಲಿ ಹೈಸ್ಕೂಲ್ ಮಾಸ್ತರ. ಹೆಂಡತಿ ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾಳೆ. ಮಗಳಿಗೆ ಆರನೇ ಇಯತ್ತೆ. ಇಷ್ಟೇ ಜನ, ಗೊಂದಲಕ್ಕೆ ಇಷ್ಟು ಸಾಕು.

೧. ಎಲುಬಿನ ಪನೀರ್

ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಯ ದರ್ಶನ ಮಾಡಿಕೊಂಡು, ಬದಾಮಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ದೇವಿಗೆ ಹೋದ ದಿನ ಮನೆಗೆ ಮರಳಿ ದೀಪ ಹಚ್ಚುವ ತನಕ ಕೋಳಿ ಕುರಿ ಮುಟ್ಟಬಾರದು ಎಂಬುದು ನಮ್ಮ ಮನೆಯ ರೂಢಿ. ಅವ್ವ ಚೀಲ ಕಾಯುತ್ತ ಕೂತಿದ್ದಳು. ಚಹಾ ಕುಡಿದು ಬರ್ತೇವಿ ಎಂದು ನಾನು ಮಗಳನ್ನು ಕರೆದುಕೊಂಡು ಹೊರಗೆ ಬಂದೆ. ಹೊರಗೆ ಒಂದು ಗಾಡಿ, ಗಾಡಿಯ ಮೇಲೆ ಭುಗಿಲ್ ಎನ್ನುವ ಉರಿ, ಉರಿಯ ಮೇಲೆ ಕೋಳಿ ನೂಡಲ್ಸ್. ಮಗಳು ಅಲುಗಾಡಲಿಲ್ಲ. ನಾನೂ ಬಹಳ ಎಳೆಯಲಿಲ್ಲ ಅನ್ನಿ.

ಅರ್ಧ ಪ್ಲೇಟು ಮುಗಿದಿತ್ತು. ಬೆನ್ನ ಹಿಂದೆ ಅವ್ವನ ದನಿ ಕೇಳಿತು.

"ಏನದು?"

"ಶಾವಿಗಿ ಅವ್ವಾ. ತರಕಾರಿ ಹಾಕಿದ್ದು."

"ಆ ಬಿಳಿ ತುಂಡು?"

"ಪನೀರ್."

ಗಾಡಿಯವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಬಾಣಲೆಯನ್ನು ನೋಡಿದ. ಸಂಸಾರಸ್ಥನಿರಬೇಕು, "ಹೌದ್ರಿ ಅವ್ವಾರ, ಪನೀರ್" ಎಂದು ತಾನೂ ದನಿಗೂಡಿಸಿದ. ಅವ್ವ ಬಸ್ಸು ನೋಡಲು ಅತ್ತ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಸರ, ಇನ್ನೊಂದು ಪ್ಲೇಟ್ ಪನೀರ್ ಮಾಡ್ಲೇನ್ರಿ? ಎಲುಬಿದ್ದದ್ದೋ, ಎಲುಬಿಲ್ಲದ್ದೋ?"

೨. ತಿನ್ನುವ ನೂಲು

ಅಂದಿನಿಂದ ಮಗಳು ತಾಟಿಗೆ ಏನು ಬಡಿಸಿದರೂ "ಬದಾಮ್ಯಾಗಿನದರ ಹಂಗ ಇಲ್ಲ" ಅನ್ನತೊಡಗಿದಳು. ಎಣ್ಣೆಗಾಯಿಗೂ ಅದೇ ಮಾತು, ಝುಣಕಕ್ಕೂ ಅದೇ ಮಾತು. ಅವ್ವನ ಕೈಯಡುಗೆಯನ್ನು ಅಲ್ಲಿಯ ತನಕ ಯಾರೂ ಹಿಂದಕ್ಕೆ ಸರಿಸಿರಲಿಲ್ಲ. ಮೊಮ್ಮಗಳು ಸರಿಸಿದ್ದು ಆಕೆಗೆ ಬಹಳ ಹತ್ತಿತು.

"ಲೇ ಮಾಸ್ತರ," ಅಂದಳು ನನಗೆ, "ಅದೇನೇನ ಬೇಕೋ ಎಲ್ಲಾ ತಂದ ಒಗಿ. ಒಮ್ಮಿ ಆಕಿ ಬಾಯಿಂದ 'ಛಲೋ ಆಗೇದ' ಅನ್ಸಿಲ್ಲಂದ್ರ ನಾ ಸೌಟು ಹಿಡಿಯೂದ ಬಿಡ್ತೇನಿ."

ಅವ್ವ ಸೌಟು ಬಿಟ್ಟರೆ ಅದು ನನ್ನ ಕೈಗೆ ಬರುತ್ತದೆ. ಹೀಗಾಗಿ ಮನೆಯವರೆಲ್ಲರ ಹೊಟ್ಟೆಯ ಪ್ರಶ್ನೆಯೂ ಅದರಲ್ಲಿತ್ತು. ನಾನು ಅಂದೇ ನೂಡಲ್ಸ್ ತಂದೆ. ಹೆಂಡತಿ ಬಾಗಲಕೋಟೆಯಿಂದ ಫೋನಿನಲ್ಲಿ ಹೇಳಿದಳು: ಕುದಿಸಬೇಕು, ಬಸಿಯಬೇಕು, ತಣ್ಣೀರಿನಲ್ಲಿ ತೊಳೆಯಬೇಕು, ಒಂದಕ್ಕೊಂದು ಅಂಟದ ಹಾಗೆ ಬಿಡಿಸಿ ಆರಲು ಬಿಡಬೇಕು. ಅಷ್ಟನ್ನೂ ಅವ್ವನಿಗೆ ಒಪ್ಪಿಸಿ ಶಾಲೆಗೆ ಹೋದೆ.

ಸಂಜೆ ಬಂದರೆ ಮನೆಯ ಮುಂದೆ ಎರಡು ಕಂಬಗಳ ನಡುವೆ ಬಿದಿರ ಗಳು ಕಟ್ಟಿತ್ತು. ಗಳುವಿನ ಉದ್ದಕ್ಕೂ ನೂಡಲ್ಸ್ ಇಳಿಬಿದ್ದಿತ್ತು, ಒಂದಕ್ಕೊಂದು ತಾಗದ ಹಾಗೆ. ಅವ್ವ ಕುಂಚ ಹಿಡಿದು, ಮಗ್ಗದ ನೂಲಿಗೆ ಮಾಡುವ ಹಾಗೆ, ಮೇಲಿನಿಂದ ಕೆಳಕ್ಕೆ ಗಂಜಿ ಸವರುತ್ತಿದ್ದಳು.

"ಅವ್ವಾ, ಏನ್ ಮಾಡಾಕತ್ತಿ?"

"ನೀನ ಹೇಳಿದಿ. ತೊಳದೆ, ಬಿಡಿಸಿದೆ, ಆರ ಹಾಕಿದೆ. ಗಂಜಿ ಹೇಳೂದ ನೀ ಮರತಿದ್ದಿ. ಗಂಜಿ ಇಲ್ಲದ ಎಳಿ ನಿಲ್ತದೇನು?"

ನಾನು ಹೇಳಿದ್ದನ್ನೆಲ್ಲ ಆಕೆ ಅಕ್ಷರಶಃ ಮಾಡಿದ್ದಳು. ಅಷ್ಟರಲ್ಲಿ ಸೀರೆ ಒಯ್ಯಲು ಬಂದ ವ್ಯಾಪಾರಿ ಗಳುವಿನ ಹತ್ತಿರ ನಿಂತು ಒಂದು ಎಳೆಯನ್ನು ಬೆರಳಲ್ಲಿ ಹೊಸೆದ, ಎಳೆದ, ಬೆಳಕಿಗೆ ಹಿಡಿದ.

"ಇದು ಯಾವ ನೂಲವಾ? ಭಾಳ ದಪ್ಪ ಐತಿ."

"ತಿನ್ನೂದು," ಅಂದಳು ಅವ್ವ.

ವ್ಯಾಪಾರಿಯ ಮುಖ ಸಣ್ಣದಾಯಿತು. ಕೈ ಮುಗಿದು ಹೇಳಿದ, "ಮಜೂರಿ ಸಾಲವಲ್ದಂದ್ರ ಬಾಯಿಬಿಟ್ಟ ಹೇಳಬೇಕ್ರಿ. ನೂಲ ತಿಂದ ಜೀವಾ ಹಿಡಿಯೂದು ಬ್ಯಾಡ."

೩. ಕರಿ ಬಣ್ಣ

ಎರಡನೆಯ ಸಲ ಅವ್ವ ಗಂಜಿ ಬಿಟ್ಟಳು. ಗಜ್ಜರಿ, ಡೊಣ್ಣಮೆಣಸಿನಕಾಯಿ, ಕೋಸು ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ಸಾಲಾಗಿ ಜೋಡಿಸಿದಳು. ಒಂದು ಗಜ್ಜರಿಯ ಕಡ್ಡಿ ಗಿಡ್ಡಾಯಿತೆಂದು ಅದನ್ನು ಆಕಳಿಗೆ ಹಾಕಿದಳು. ಸೋಯಾ ಸಾಸಿನ ಬಾಟಲಿಯ ಮುಚ್ಚಳ ತೆಗೆದು ಮೂಸಿದವಳು ಅದನ್ನು ಹಾಗೇ ನನ್ನ ಕೈಗೆ ಕೊಟ್ಟಳು.

"ಇದು ಕೆಟ್ಟೇತಿ."

"ಅದರ ವಾಸನಿನ ಹಂಗ ಅವ್ವಾ. ಬಣ್ಣ ಕರೀದಾಗಲಿ ಅಂತ ಹಾಕ್ತಾರ."

"ಕರೀದಾಗಬೇಕು, ಹೌದಿಲ್ಲೋ? ಅದಕ್ಕ ಇದ್ಯಾಕ ಬೇಕು?" ಎಂದವಳೇ ಗುರೆಳ್ಳು ಪುಡಿಯ ಡಬ್ಬಿ ತೆಗೆದು ಎರಡು ಮುಷ್ಟಿ ಸುರಿದಳು. ಮೇಲೆ ಪನೀರ್ ತುಂಡು ಹಾಕಿದಳು.

ಮಗಳು ತಾಟು ಕೆದಕಿ ನೋಡಿದಳು. ನಾನು ಕಣ್ಣು ಹೊಡೆದೆ, ಆಕೆ ನೋಡಲಿಲ್ಲ.

"ಕೋಳಿ ಎಲ್ಲಿ?"

"ಯಾವ ಕೋಳಿ?" ಅಂದಳು ಅವ್ವ.

"ಬದಾಮ್ಯಾಗ ಇತ್ತಲ್ಲ! ಅಪ್ಪಾ ಎರಡ ಪ್ಲೇಟ್ ತಿಂದ್ರಲ್ಲ!"

ಅವ್ವ ನನ್ನ ಕಡೆ ತಿರುಗಿದಳು. ಶಾಂತವಾಗಿ ಕೇಳಿದಳು:

"ಮಾಸ್ತರ, ಸಾಲ್ಯಾಗ ಹುಡುಗರಿಗೆ ಯಾವ ವಿಷಯ ಕಲಸ್ತಿ?"

"ವಿಜ್ಞಾನ, ಅವ್ವಾ."

"ಪನೀರ್ ಯಾವುದು, ಕೋಳಿ ಯಾವುದು ಅನ್ನೂದು ಅದರಾಗ ಬರೂದಿಲ್ಲೇನು?"

೪. ಕೋಳಿಯ ರಜೆ

ಶಿಕ್ಷೆ ಆಯಿತು. ಕೋಳಿ ನಾನೇ ತರಬೇಕು, ನಾನೇ ಮಾಡಬೇಕು, ಅದೂ ಹಿತ್ತಲಲ್ಲಿ. ಮಗ್ಗವಿದ್ದ ಮನೆಯೊಳಗೆ ಕೋಳಿ ಬೇಯಿಸುವ ಪದ್ಧತಿ ನಮ್ಮಲ್ಲಿ ಮೊದಲೂ ಇರಲಿಲ್ಲ. ಅದಕ್ಕೆಂದೇ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಗೂಟಕ್ಕೆ ತೂಗುಹಾಕಿದ ಒಂದು ಕಬ್ಬಿಣದ ಬಾಣಲೆ ಇವೆ.

ಇನ್ನು ಯಾವ ದಿನ ಮಾಡುವುದೆಂದು ಕ್ಯಾಲೆಂಡರ್ ಹಿಡಿದು ಕೂತೆವು. ಸೋಮವಾರ ಈಶ್ವರಂದು. ಮಂಗಳವಾರ ದ್ಯಾಮವ್ವಂದು. ಗುರುವಾರ ಮಠದ ಅಜ್ಜಾರದು. ಶುಕ್ರವಾರ ಬನಶಂಕರಿದು, ಅದೂ ಈಗ ಆಕೆಯ ಹತ್ತಿರ ನನ್ನದೊಂದು ತಪ್ಪು ಬಾಕಿ ಇದೆ. ಶನಿವಾರ ಹನುಮಪ್ಪಂದು. ಬುಧವಾರ ನನಗೆ ಸಾಲಿ. ಉಳಿದದ್ದು ರವಿವಾರ. ಮೊದಲ ರವಿವಾರ ಅಮಾವಾಸ್ಯೆ ಬಂತು. ಎರಡನೆಯದು ಮಗ್ಗಕ್ಕೆ ಹೊಸ ಹಾಸು ನೂಲು ಏರಿಸುವ ದಿನ, ಅಂದು ಸಿಹಿಯೇ ಆಗಬೇಕು. ಮೂರನೆಯದು ಹುಣ್ಣಿಮೆ. ಲೆಕ್ಕ ಹಾಕಿ ಹಾಕಿ ನನಗೆ ಅಂದು ಯಾವ ವಾರವೆಂಬುದೇ ಮರೆತುಹೋಯಿತು.

ಸರಕಾರಿ ನೌಕರರಿಗೆ ರಜೆ ಹೆಚ್ಚು ಎಂದು ಜನ ಆಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಕೋಳಿಗೆ ಇರುವಷ್ಟು ರಜೆ ನನಗೆ ಯಾವ ಸರಕಾರವೂ ಕೊಟ್ಟಿಲ್ಲ.

೫. ಒಡಲು ಒಳಗ, ಸೆರಗು ಹೊರಗ

ಅಂತೂ ಒಂದು ರವಿವಾರ ಖಾಲಿ ಸಿಕ್ಕಿತು. ಒಳಗೆ ಅಡುಗೆಮನೆಯಲ್ಲಿ ಅವ್ವ ತರಕಾರಿ, ನೂಡಲ್ಸ್, ಗುರೆಳ್ಳು ಪುಡಿ ಹಾಕಿ ಹದ ಮಾಡಿದಳು. ಹೊರಗೆ ಹಿತ್ತಲಲ್ಲಿ ನಾನು ಕಣ್ಣು ಒರೆಸಿಕೊಳ್ಳುತ್ತ ಕೋಳಿ ಹುರಿದೆ. ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು ಎರಡೂ ಕಡೆ ಸುದ್ದಿ ಮುಟ್ಟಿಸುತ್ತಿದ್ದಳು. ನನಗೆ ಒಂದೇ ಹೆದರಿಕೆ, ಗೋಡೆಯಾಚೆಯ ಮನೆಯ ಕಾಕು. ಲಿಂಗವಂತರು, ಅವ್ವನ ನಲವತ್ತು ವರ್ಷದ ಗೆಳತಿ, ಮೊಟ್ಟೆ ಎಂಬ ಮಾತು ಕೇಳಿದರೂ ಬಾಯಿ ಮುಕ್ಕಳಿಸುವವರು. ಗಾಳಿ ನೇರ ಅವರ ಮನೆಯ ಕಡೆಗೇ ಬೀಸುತ್ತಿತ್ತು.

ಎರಡೂ ಕಡೆ ತಯಾರಾದ ಮೇಲೆ ಹೆಂಡತಿ ಅಂದಳು, "ಈಗ ಎರಡೂ ಕೂಡಿಸಿ ಬಿರುಸ ಉರಿ ಮ್ಯಾಲ ಕೈಯಾಡಿಸಬೇಕು."

"ಎಲ್ಲಿ?" ಅಂದೆ ನಾನು.

ಕೋಳಿ ಒಳಗೆ ಹೋದರೆ ಅಡುಗೆಮನೆ ಕೆಡುತ್ತದೆ. ಅವ್ವನ ಪಾತ್ರೆ ಹೊರಗೆ ಬಂದು ಬಾಣಲೆಗೆ ತಾಗಿದರೆ ಮತ್ತೆ ಒಳಗೆ ಹೋಗುವಂತಿಲ್ಲ. ಎರಡು ತಿಂಗಳು ಅಷ್ಟೆಲ್ಲ ಯೋಚಿಸಿದವರಿಗೆ ಇದೊಂದು ಹೊಳೆದಿರಲಿಲ್ಲ. ಕೋಳಿ ಸೀಯತೊಡಗಿತು, ನೂಡಲ್ಸ್ ಆರತೊಡಗಿತು. ಮಗಳು ತಾಟು ಹಿಡಿದು ಒಮ್ಮೆ ಒಳಗೆ, ಒಮ್ಮೆ ಹೊರಗೆ ನೋಡುತ್ತಿದ್ದಳು.

ಅವ್ವ ಒಮ್ಮೆಲೇ ಪಾತ್ರೆ ಎತ್ತಿಕೊಂಡು ಬಂದಳು. "ಇಷ್ಟಕ್ಕ ಯಾಕ ಒದ್ದಾಡ್ತೀರಿ? ನಾವು ಸೀರಿ ಹೆಂಗ ನೇಯ್ತೇವಿ? ಒಡಲಿನ ನೂಲ ಬ್ಯಾರೆ, ಸೆರಗಿನ ನೂಲ ಬ್ಯಾರೆ. ನಡುವ ಕೊಂಡಿ ಹಾಕಿ ಕೂಡಸ್ತೇವಿ. ಇದೂ ಹಂಗ. ಒಡಲು ಒಳಗ, ಸೆರಗು ಹೊರಗ, ಕೊಂಡಿ ಹಿತ್ತಲ ಬಾಗಿಲಾಗ. ಹಿಡಿ ಬಾಣಲಿ!"

ಹೊಸ್ತಿಲ ಒಳಗೆ ಅವ್ವ ನಿಂತಳು, ಹೊರಗೆ ನಾನು ಬಾಣಲೆ ಹಿಡಿದೆ. ಆಕೆ ಮೊಳದೆತ್ತರದಿಂದ, ಪಾತ್ರೆ ತಾಗದ ಹಾಗೆ ಅರ್ಧ ನೂಡಲ್ಸ್ ಸುರಿದಳು. ಉಳಿದರ್ಧವನ್ನು, "ನಿನ್ನ ಕೈಯಾಗ ಎಲ್ಲಾ ಕೊಡಾಕ ಧೈರ್ಯ ಸಾಲವಲ್ದು" ಎಂದು ಒಳಗೇ ಇಟ್ಟಳು. ನಾನು ಬಿರುಸು ಉರಿಯಲ್ಲಿ ಕೈಯಾಡಿಸಿ ತಾಟಿಗೆ ಹಾಕಿದೆ.

ಮಗಳು ಹಿತ್ತಲ ಕಟ್ಟೆಯ ಮೇಲೆ ಕೂತು ತಿಂದಳು. ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. ಕೈ ಒರೆಸುವುದಕ್ಕೆ ಏನೂ ಇರಲಿಲ್ಲ, ಆದರೂ ಒರೆಸಿಕೊಳ್ಳುತ್ತಿದ್ದಳು.

"ಹೆಂಗಾಗೇದವಾ?"

"ಬದಾಮ್ಯಾಗಿನದರ ಹಂಗ ಇಲ್ಲ."

ಅವ್ವನ ಕೈ ನಿಂತಿತು. ಎಂಟು ಗಜದ ಸೀರೆಯಲ್ಲಿ ಒಂದು ಎಳೆಯೂ ತಪ್ಪದವಳು ಒಂದು ತಾಟಿನ ಮುಂದೆ ಸೋತು ನಿಂತಿದ್ದಳು.

ಮಗಳು ಬಾಯಲ್ಲಿದ್ದದ್ದನ್ನು ನುಂಗಿ ಖಾಲಿ ತಾಟು ಮುಂದೆ ಹಿಡಿದಳು. "ಅವರು ಗುರೆಳ್ಳ ಪುಡಿ ಹಾಕಿರಲಿಲ್ಲಜ್ಜಿ. ಇದು ಭಾಳ ಛಲೋ ಆಗೇದ. ಇನ್ನೊಂದಿಷ್ಟ ಹಾಕು."

ಅವ್ವ ಹೊಗೆ ಬಂತು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಅತ್ತ ಗೋಡೆಯಾಚೆಗೆ ಹೋಗುತ್ತಿತ್ತು.

ಅದೇ ಗೋಡೆಯ ಮೇಲೆ ಆಗ ಕಾಕುವಿನ ತಲೆ ಕಾಣಿಸಿತು. ನನ್ನ ಕೈಯಲ್ಲಿ ಕೋಳಿ ಬಾಣಲೆ, ಮುಚ್ಚಿಡಲು ಜಾಗವಿಲ್ಲ. ಇನ್ನು ನಲವತ್ತು ವರ್ಷದ ಗೆಳೆತನ ಮುಗಿಯಿತು ಎಂದುಕೊಂಡೆ. ಕಾಕು ಬಾಣಲೆಯ ಕಡೆ ತಪ್ಪಿಯೂ ನೋಡಲಿಲ್ಲ. ಮಾತೆಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ, ಒಂದು ಬಟ್ಟಲನ್ನು ಗೋಡೆಯ ಈಚೆಗೆ ಚಾಚಿ ಮೆಲ್ಲಗೆ ಅಂದರು:

"ಯವ್ವಾ, ನನಗ ಸೆರಗ ಬ್ಯಾಡ. ಒಳಗ ಇಟ್ಟೀಯಲ್ಲ, ಅದರಾಗ ಬರೇ ಒಡಲು ಒಂದ ಬಟ್ಟಲ ಕೊಡು."