ಮೊದಲ ಸರದಿಗಾಗಿ ನಾನು ತೆತ್ತದ್ದು

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ತಾಲೂಕಿನ ಶಿಕ್ಷಕರ ವಾಲಿಬಾಲ್ ತಂಡಕ್ಕೆ ಮ್ಯಾನೇಜರನೂ ಆಗಿದ್ದೆ. ಆ ಆಟವನ್ನು ನಾನು ಎಂದೂ ಆಡಿದವನಲ್ಲ. ಕ್ರಮಬದ್ಧವಾಗಿ ಯೋಚಿಸಬಲ್ಲವನಿಗೆ ಆಡುವ ಅಗತ್ಯವಿಲ್ಲವೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಿಕ್ಷಕರಿಗೆ ವರ್ಷಕ್ಕೊಂದು ಪಂದ್ಯಾವಳಿ ನಡೆಯುತ್ತಿತ್ತು. ವರ್ಗಾವಣೆಯಾದ ಆಟಗಾರರು ಯಾವ ತಾಲೂಕಿನವರೆಂಬ ಜಗಳವನ್ನು ತಪ್ಪಿಸಲು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಪ್ರತಿ ವರ್ಷ ಎಲ್ಲರ ಹೆಸರನ್ನೂ ಕರಿಹಲಗೆಯ ಮೇಲೆ ಬರೆಯುವುದು. ಮ್ಯಾನೇಜರರು ಚೀಟಿ ಎತ್ತಿ, ಬಂದ ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದು. ಹೀಗೆ ಆರು ಸುತ್ತು. ಸರದಿಗಳನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ಆದರೆ ಎಲೆ-ಅಡಿಕೆ ಕೈಗಿತ್ತು ಆಡಿದ ಮಾತಿಗೆ ತಿದ್ದುಪಡಿ ಇರಲಿಲ್ಲ.

ಹಿಂದಿನ ಎರಡೂ ವರ್ಷ ನಾವೇ ಕೊನೆಯವರು. ಈ ಸಲ ಗೆಲ್ಲದಿದ್ದರೆ ಮ್ಯಾನೇಜರಗಿರಿಯನ್ನು ಬಿಡುತ್ತೇನೆಂದು ಶಿಕ್ಷಕರ ಕೊಠಡಿಯಲ್ಲಿ ಎದ್ದು ನಿಂತು ಘೋಷಿಸಿದೆ. ಬೇಡವೆಂದು ಯಾರೂ ಹೇಳಲಿಲ್ಲ.

ಸೋಲಿನ ಕಾರಣವನ್ನು ಗೆರೆ ಎಳೆದ ಕಾಗದದ ಮೇಲೆ ಪತ್ತೆ ಹಚ್ಚಿದೆ. ಹೊಡೆಯುವವರು ನಮ್ಮಲ್ಲಿದ್ದರು, ಅವರಿಗೆ ಚೆಂಡನ್ನು ಬಲೆಯಂಚಿಗೆ ಹದವಾಗಿ ಎತ್ತಿಕೊಡುವವರು ಇರಲಿಲ್ಲ. ಆ ವಿದ್ಯೆ ಬಲ್ಲವರು ನಾಲ್ಕೂ ತಾಲೂಕಿಗೆ ಒಬ್ಬರೇ: ತಾಂಬಾದ ಹಸನಸಾಬ ಮಾಸ್ತರರು.

ಆಯ್ಕೆ ಇಂಡಿಯಲ್ಲಿ ನಡೆಯಿತು. ಮೊದಲ ಚೀಟಿ ಮುದ್ದೇಬಿಹಾಳಕ್ಕೆ ಬಂತು, ನನ್ನದು ನಾಲ್ಕನೆಯದು. ಮುದ್ದೇಬಿಹಾಳದ ಮ್ಯಾನೇಜರ ನನ್ನ ಹೆಂಡತಿಯ ಅಣ್ಣ ಗುರಣ್ಣ. ಅವನನ್ನು ಬದಿಗೆ ಕರೆದು, ಅವನ ಮೊದಲ ಸರದಿಯ ಬದಲಿಗೆ ನನ್ನ ಮೊದಲ ಮೂರು ಸರದಿಗಳನ್ನು ಕೊಡುವುದಾಗಿ ಹೇಳಿದೆ. ತಲೆಯೆಣಿಕೆ ಸರಿಹೋಗಲು ಅವನ ಕಡೆಯ ಎರಡು ಸರದಿ ನನಗೆ.

"ಮಾಸ್ತರ್ರ, ಇನ್ನೊಮ್ಮೆ ವಿಚಾರ ಮಾಡ್ರಿ," ಎಂದ ಗುರಣ್ಣ.

ಅವನು ಜಾರಿಕೊಳ್ಳುತ್ತಿದ್ದಾನೆಂದು ನನಗೆ ಗಾಬರಿಯಾಯಿತು. ಮುಂದಿನ ವರ್ಷದ ನನ್ನ ಮೊದಲ ಸರದಿಯನ್ನೂ ಸೇರಿಸಿ, ಎಲೆ-ಅಡಿಕೆಯನ್ನು ಅವನ ಅಂಗೈಯೊಳಗೆ ಒತ್ತಿಬಿಟ್ಟೆ!

ಹಸನಸಾಬರು ನನ್ನವರಾದರು. ಆಮೇಲೆ ಮೂರನೆಯ ಸುತ್ತು ಮುಗಿಯುವವರೆಗೆ ನಾನು ಕೈಕಟ್ಟಿ ಕುಳಿತೆ. ನಾನು ಕೊಟ್ಟ ಸರದಿಗಳಲ್ಲೇ ಗುರಣ್ಣ ಹಿಂದಿನ ವರ್ಷದ ನಮ್ಮ ಹೊಡೆತಗಾರರಿಬ್ಬರನ್ನೂ ಎತ್ತಿಕೊಂಡ. ಅದಕ್ಕೂ ಮೊದಲು, ಈ ಪದ್ಧತಿ ಬರುವ ಮುನ್ನ ಏಳು ವರ್ಷ ಹಸನಸಾಬರ ಜೋಡಿಯಾಗಿ ಆಡಿದ್ದ ಯಂಕಂಚಿಯ ಶಿವಪ್ಪನನ್ನು. ನನ್ನ ಸರದಿ ಬಂದಾಗ ಉಳಿದವರಲ್ಲಿ ಒಬ್ಬರಿಗೆ ಮೊಣಕಾಲು ನೋವು. ಇನ್ನೊಬ್ಬರಿಗೆ ಕನ್ನಡಕ ತೆಗೆದರೆ ಚೆಂಡು ಕಾಣದು. ಮತ್ತೊಬ್ಬರು ಹೆಸರು ಬರೆಯಲೆಂದು ಸೀಮೆಸುಣ್ಣ ಹಿಡಿದು ನಿಂತಿದ್ದವರು!

ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಹೆಂಡತಿ ಶಾಂತವಾಗಿ, "ಲಗ್ನದ ಮಾತು ಆಡುವಾಗ ಈ ಧಾರಾಳತನ ಎಲ್ಲಿ ಹೋಗಿತ್ರಿ?" ಎಂದಳು.

ಅಭ್ಯಾಸದ ಮೊದಲ ದಿನ ಹಸನಸಾಬರು ತಂಡವನ್ನು ಎರಡು ಸಲ ನೋಡಿದರು. "ನಾ ಚೆಂಡು ಎತ್ತಿ ಕೊಡ್ತೇನ್ರಿ, ಸರ. ಹೊಡ್ಯಾವ್ರು ಯಾರು?"

ನಾನು ಕಾಗದವನ್ನು ನೋಡಿದೆ. ಆ ಪ್ರಶ್ನೆಗೆ ಅದರಲ್ಲಿ ಅಂಕಣವೇ ಇರಲಿಲ್ಲ.

ಆದರೂ ಆ ಪುಣ್ಯಾತ್ಮರು ಎತ್ತುವಂತೆ ನಟಿಸಿ ತಾವೇ ಚೆಂಡನ್ನು ಬಲೆಯಾಚೆ ನೂಕುತ್ತ ನಮ್ಮನ್ನು ಅಂತಿಮ ಪಂದ್ಯಕ್ಕೆ ಮುಟ್ಟಿಸಿದರು. ಬಾಗೇವಾಡಿಯ ಮೈದಾನ, ಎದುರಿಗೆ ಮುದ್ದೇಬಿಹಾಳ. ಮೂರನೆಯ ಆಟದಲ್ಲಿ ಅವರದು ಹದಿನಾಲ್ಕು, ನಮ್ಮದು ಹದಿಮೂರು. ಒಂದು ಅಂಕ ಹೋದರೆ ಎಲ್ಲವೂ ಹೋಯಿತು. ಗುರಣ್ಣ ಉಗುರು ಕಚ್ಚುತ್ತಿದ್ದ.

ಅವರ ಸರ್ವಿಸ್ ಬಂತು. ಕನ್ನಡಕದವರು ಕಣ್ಣು ಮುಚ್ಚಿ ಕೈ ಒಡ್ಡಿದರು. ಚೆಂಡು ಹೇಗೋ ಹಸನಸಾಬರತ್ತ ಹೋಯಿತು. ನಮ್ಮವರಲ್ಲಿ ಒಬ್ಬರೂ ಜಿಗಿಯಲಿಲ್ಲ. ಅಷ್ಟರಲ್ಲಿ ಬಲೆಯ ಆಚೆಯಿಂದ ಶಿವಪ್ಪ, ಏಳು ವರ್ಷ ಕೂಗಿದಂತೆಯೇ ಕೂಗಿದ: "ಹಸನಣ್ಣಾ!"

ಹಸನಸಾಬರ ಬೆರಳುಗಳು ಆ ದನಿಗೆ ಓಗೊಟ್ಟವು. ಅಷ್ಟು ಸೊಗಸಾಗಿ ಎದ್ದ ಚೆಂಡನ್ನು ನಾನು ಮತ್ತೆಂದೂ ಕಂಡಿಲ್ಲ. ಅದು ಬಲೆಯನ್ನು ದಾಟಿ, ಶಿವಪ್ಪನ ಕೈಗೆ ಹದವಾಗಿ ಒದಗಿತು. ಅವನು ಹೊಡೆದ.

"ರೂಢಿ ಬಿದ್ದೈತ್ರಿ, ಸರ," ಎಂದರು ಹಸನಸಾಬರು, ತಮ್ಮ ಕೈಗಳನ್ನೇ ನೋಡುತ್ತ. ಅವರನ್ನು ಯಾವ ಬಾಯಿಂದ ಬಯ್ಯಲಿ?

ಮೂರು ಪರಿಚ್ಛೇದಗಳ ರಾಜೀನಾಮೆ ಬರೆದು ಸಹೋದ್ಯೋಗಿಗಳೆದುರು ಓದತೊಡಗಿದೆ. ಎರಡನೆಯ ವಾಕ್ಯಕ್ಕೇ ಹೆಡ್‌ಮಾಸ್ತರರು ಮಂಜೂರು ಮಾಡಿದರು. ಹೊಸ ಮ್ಯಾನೇಜರರು ಕನಿಕರಪಟ್ಟು, ಚೆಂಡಿಗೆ ಗಾಳಿ ತುಂಬುವ ಪಂಪನ್ನು ನನಗೆ ವಹಿಸಿದರು. ಆ ಸ್ಥಾನದಲ್ಲಿ ಬಹುಕಾಲ ಸೇವೆ ಸಲ್ಲಿಸಿದೆ. ಅದಲುಬದಲಿಗೆ ನನ್ನನ್ನು ಯಾವ ತಾಲೂಕೂ ಕೇಳಲಿಲ್ಲ.